ಪಾಠ ಒಪ್ಪಿಸಿಕೊಳ್ಳುವವರು ಯಾರು?

ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯ ಈಶ್ವರ, ಈ ಮೂರು ಗುಡಿಗಳ ಕಲ್ಲಿಗೂ ನಮ್ಮ ಜನ ಇಟ್ಟಿರುವ ಹೆಸರು ಒಂದೇ: ಬಳಪದ ಕಲ್ಲು. ನೆಲದಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು ಉಳಿಗೆ ಒಗ್ಗುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಮದನಿಕೆಯರ ಮೈಮೇಲಿನ ಅಷ್ಟು ಸೂಕ್ಷ್ಮ ಕೆತ್ತನೆ ಇದರಿಂದಲೇ ಸಾಧ್ಯವಾಯಿತು ಎಂದು ಗುಡಿ ತೋರಿಸುವವರು ವಿವರಿಸುತ್ತಾರೆ. ಆದರೆ ಕಲ್ಲಿಗೆ ಹೆಸರು ಬಂದದ್ದು ಶಿಲ್ಪಿಯಿಂದಲ್ಲ, ಅಕ್ಷರ ತಿದ್ದುವ ಹುಡುಗನಿಂದ. ಬಳಪವೆಂದರೆ ಬರೆಯುವ ಕಡ್ಡಿ. ಅದು ಓಡುತ್ತಿದ್ದದ್ದು ಕಡತದ ಮೇಲೆ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಳಿಯಬೇಕು. ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧ. ಕಪ್ಪು ಬಟ್ಟೆಯ ಮೇಲೆ ಬಳಪ ಎಳೆದಲ್ಲೆಲ್ಲ ಬೆಳ್ಳನೆಯ ಅಕ್ಷರ. ಅಂಗಡಿಯ ಲೆಕ್ಕ, ಮಠದ ದಾಖಲೆ, ಮಕ್ಕಳ ಪಾಠ ಎಲ್ಲವೂ ಅದರ ಮೇಲೆ ಕೂರುತ್ತಿದ್ದವು. ಸರ್ಕಾರಿ ಕಚೇರಿಯ ಫೈಲಿಗೆ ಇಂದಿಗೂ ಕಡತವೆಂದೇ ಹೆಸರು. ಮಕ್ಕಳ ಮಟ್ಟಿಗೆ ಕಡತದ ಮುಖ್ಯ ಗುಣ ಬೇರೆಯದು: ಒರೆಸಿದರೆ ಅಳಿಸಿಹೋಗುತ್ತದೆ. ಇವತ್ತಿನ ಪಾಠ ನಾಳೆ ಅಲ್ಲಿರುವುದಿಲ್ಲ. ಆದ್ದರಿಂದ ಒರೆಸುವ ಮೊದಲು ಅದನ್ನು ಗುರುವಿನ ಮುಂದೆ ನಿಂತು ಒಪ್ಪಿಸಬೇಕಿತ್ತು.

'ಒಪ್ಪಿಸುವುದು' ಎಂಬ ಈ ಮಾತನ್ನು ಹಿಡಿದೇ ಮುಂದಿನದನ್ನೆಲ್ಲ ಹೇಳಬೇಕಾಗಿದೆ. ಕನ್ನಡದಲ್ಲಿ ಕಲಿಕೆಗೆ ಎರಡು ಕ್ರಿಯಾಪದಗಳಿವೆ: ಗುರು ಪಾಠ ಹೇಳುತ್ತಾನೆ, ಶಿಷ್ಯ ಪಾಠ ಒಪ್ಪಿಸುತ್ತಾನೆ. ಸಾಲವನ್ನು, ಕೀಲಿಕೈಯನ್ನು, ಲೆಕ್ಕವನ್ನು ಒಪ್ಪಿಸುವ ಹಾಗೆಯೇ ಪಾಠವನ್ನೂ ಒಪ್ಪಿಸುವುದು. ಕೊಟ್ಟದ್ದು ಮರಳಿ ಕೊಟ್ಟವರ ಕೈಸೇರಿದಾಗಲೇ ವ್ಯವಹಾರ ಮುಗಿಯಿತೆಂಬ ಭಾವ ಆ ಮಾತಿನಲ್ಲಿದೆ. ವಿಶ್ವವಿದ್ಯಾಲಯಗಳ ಆನ್‌ಲೈನ್ ಕೋರ್ಸುಗಳಲ್ಲಿ ಕೆಲವು ವಿದ್ಯಾರ್ಥಿಗೆ ದಕ್ಕುತ್ತವೆ, ಕೆಲವು ದಕ್ಕುವುದಿಲ್ಲ. ಯಾಕೆ ಎಂದು ಕೇಳಿದಾಗ ಜನ ಮೊದಲು ನೋಡುವುದು ಪಾಠ ಹೋಗುವ ದಾರಿಯನ್ನು: ನೆಟ್‌ವರ್ಕ್ ಇದೆಯೇ, ವಿಡಿಯೊ ಚೆನ್ನಾಗಿದೆಯೇ, ಆ್ಯಪ್ ಸುಲಭವಾಗಿದೆಯೇ. ನನ್ನ ವಾದ ಮರಳಿ ಬರುವ ದಾರಿಯನ್ನು ಕುರಿತದ್ದು. ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳಿಗೆ ದೂರದಿಂದ ವಿದ್ಯೆ ಬರುವುದು ಹೊಸದಲ್ಲ. ಹಿಂದೆ ಅದು ಓಲೆಗರಿಯಲ್ಲಿ ಬಂದಿತ್ತು; ಆಮೇಲೆ ಅಂಚೆಯಲ್ಲಿ, ಉಪಗ್ರಹದಲ್ಲಿ, ಈಗ ಫೋನಿನಲ್ಲಿ ಬರುತ್ತಿದೆ. ಪ್ರತಿ ಸಲವೂ ಒಪ್ಪಿಸಿಕೊಳ್ಳುವ ಒಬ್ಬ ಮನುಷ್ಯ ಹತ್ತಿರದಲ್ಲಿದ್ದ ಕಡೆ ಅದು ನಿಂತಿತು, ಇಲ್ಲದ ಕಡೆ ಹರಿದುಹೋಯಿತು.

ಹೊಯ್ಸಳರ ಕಾಲದಿಂದಲೇ ನೋಡೋಣ. 1117ರಲ್ಲಿ ವಿಷ್ಣುವರ್ಧನ ಬೇಲೂರಿನ ಗುಡಿಯನ್ನು ಪ್ರತಿಷ್ಠೆ ಮಾಡಿದ ಮೇಲಿನ ಒಂದೂವರೆ ಶತಮಾನದಲ್ಲಿ ಈ ಸೀಮೆಯ ತುಂಬ ಅಗ್ರಹಾರಗಳು ಹುಟ್ಟಿದವು. ಅರಸೀಕೆರೆಯ ಪಕ್ಕದ ಹಾರನಹಳ್ಳಿಯಲ್ಲಿ 1230ರ ದಶಕದ ಎರಡು ಗುಡಿಗಳು ಈಗಲೂ ನಿಂತಿವೆ. ಕನ್ನಡ ನಾಡಿನ ಶಾಸನಗಳಲ್ಲಿ ವಿದ್ಯೆಗೆ ಬಿಟ್ಟ ದತ್ತಿಗಳನ್ನು ಓದುವಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ದಾನಿ ಬರೀ ಶಾಲೆಯ ಮಂಟಪ ಕಟ್ಟಿಸಿ ಕೈತೊಳೆದುಕೊಳ್ಳುವುದಿಲ್ಲ. ಯಾವ ಕೆಲಸಕ್ಕೆ ಯಾವ ಮನುಷ್ಯ, ಅವನ ಜೀವನಕ್ಕೆ ಎಷ್ಟು ಎಂದು ಕಲ್ಲಿನಲ್ಲಿ ಬರೆಸುತ್ತಾನೆ. ಕಲಬುರಗಿ ಸೀಮೆಯ ನಾಗಾವಿಯ 1058ರ ಶಾಸನ ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ಪಾಠ ಹೇಳುವವರ ಜೊತೆಗೆ ಆರು ಮಂದಿ 'ಸರಸ್ವತೀ ಭಂಡಾರಿಗ'ರನ್ನು, ಅಂದರೆ ಗ್ರಂಥಗಳನ್ನು ನೋಡಿಕೊಳ್ಳುವವರನ್ನು ಹೆಸರಿಸುತ್ತದೆ. ಹೊಯ್ಸಳ ಮೂರನೆಯ ನರಸಿಂಹನ ಮಂತ್ರಿ ಪೆರುಮಾಳೆ ದಂಡನಾಯಕ 1290ರಲ್ಲಿ ಕಾವೇರಿ ತೀರದ ಮೈಲಂಗೆಯಲ್ಲಿ ವಿದ್ಯಾಸ್ಥಾನ ನಡೆಸಲು ದತ್ತಿ ಬಿಟ್ಟಾಗ, ವೇದ ಹೇಳುವವರಿಗಷ್ಟೇ ಅಲ್ಲದೆ ಚಿಕ್ಕ ಮಕ್ಕಳಿಗೆ ನಾಗರ, ಕನ್ನಡ, ತಿಗುಳ (ತಮಿಳು), ಆರ್ಯ ಎಂಬ ಲಿಪಿ, ಭಾಷೆಗಳನ್ನು ಕಲಿಸುವ ಬಾಲಶಿಕ್ಷೆಯವರಿಗೂ ಏರ್ಪಾಡು ಮಾಡಿದ. ಗ್ರಂಥ ಇದ್ದ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ, ಅದರ ಪಕ್ಕದಲ್ಲಿ ಕೂರುವ ಮನುಷ್ಯನಿಗೆ ಊಟವಿಡಬೇಕು ಎಂಬುದು ಆ ಕಾಲದ ದಾನಿಗಳಿಗೆ ಸ್ಪಷ್ಟವಿತ್ತು.

ಈ ಹಳೆಯ ಏರ್ಪಾಡನ್ನು ಹೊಗಳಿ ಮುಗಿಸುವಂತಿಲ್ಲ. ಅಗ್ರಹಾರದ ಬಾಗಿಲು ಒಂದು ಜಾತಿಯ ಗಂಡುಮಕ್ಕಳಿಗೆ ತೆರೆದಿತ್ತು. ಬಳಪದ ಕಲ್ಲನ್ನು ಕಡಿದ ಆಚಾರಿಗಳು, ಬಂಡಿಯಲ್ಲಿ ಸಾಗಿಸಿದವರು, ಕೆರೆ ತೋಡಿದ ಒಡ್ಡರು, ಅವರ ಮನೆಯ ಹೆಣ್ಣುಮಕ್ಕಳು ಹೊರಗೆ ಉಳಿದರು. ಪಾಠ ಒಪ್ಪಿಸಿಕೊಳ್ಳುವ ಗುರು ಹತ್ತಿರದಲ್ಲಿರಬೇಕು ಎಂಬ ತತ್ತ್ವಕ್ಕೆ ಇನ್ನೊಂದು ಮುಖವೂ ಇತ್ತು: ಗುರು ಯಾರನ್ನು ಹತ್ತಿರ ಬಿಟ್ಟುಕೊಳ್ಳುತ್ತಾನೋ ಅವರಿಗೆ ಮಾತ್ರ ವಿದ್ಯೆ. ದೂರಶಿಕ್ಷಣದ ನಿಜವಾದ ಘನತೆ ಆ ಬಾಗಿಲನ್ನು ಮುರಿದದ್ದರಲ್ಲಿದೆ. ಆದ್ದರಿಂದಲೇ ಅದು ಚೆನ್ನಾಗಿ ನಡೆಯಬೇಕು ಎಂಬ ಕಾಳಜಿ ಬರೀ ಶಿಕ್ಷಣ ತಜ್ಞರದಾಗಿ ಉಳಿಯಕೂಡದು. ಕಾಲೇಜಿಗೆ ಕಾಲಿಡಲಾಗದವರ ಪಾಲಿಗೆ ಅದೊಂದೇ ಬಾಗಿಲು. ಆ ಬಾಗಿಲೂ ಹುಸಿಯಾದರೆ ಅವರಿಗೆ ಬೇರೆ ಇಲ್ಲ.

ಗುರುವಿಲ್ಲದ ಕಡೆಗೂ ಹೋಗಬಲ್ಲ ಪುಸ್ತಕ ಹೇಗಿರಬೇಕು ಎಂಬ ಪ್ರಶ್ನೆ ಕೂಡ ಹಳೆಯದೇ. ವಿಷ್ಣುವರ್ಧನನ ಆಶ್ರಯದಲ್ಲಿದ್ದನೆನ್ನಲಾಗುವ, ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ಬರೆದ. ಸಂಸ್ಕೃತ ಬಾರದವರಿಗೂ ವ್ಯಾಪಾರದ, ಹೊಲದ, ಬಡ್ಡಿಯ ಲೆಕ್ಕ ಸಿಗುವಂತೆ ಸೂತ್ರ ಹೇಳಿ, ಕೂಡಲೇ ಒಂದು ಲೆಕ್ಕ ಒಡ್ಡಿ ಬಿಡಿಸಿ ತೋರಿಸುವುದು ಅವನ ಕ್ರಮ. ಓದುಗನನ್ನು ಸುಮ್ಮನೆ ಕೂರಲು ಬಿಡದೆ ಕೈಯಲ್ಲಿ ಬಳಪ ಹಿಡಿಸುವ ಬರವಣಿಗೆ ಅದು. ಒಳ್ಳೆಯ ದೂರಪಾಠ ಇಂದಿಗೂ ಇದನ್ನೇ ಮಾಡಬೇಕು. ಲೆಕ್ಕ ಬಿಡಿಸಿದವನಿಗೆ ಅದು ಸರಿಯೋ ತಪ್ಪೋ ಎಂದು ಹೇಳುವ ಕೆಲಸ ಮಾತ್ರ ಪುಸ್ತಕದಿಂದ ಆಗುವುದಿಲ್ಲ.

ಆ ಕೆಲಸವನ್ನು ಬಹುಕಾಲ ಮಾಡಿದ್ದು ಕೂಲಿಮಠ. ಊರ ಜಗಲಿಯಲ್ಲೋ ಗುಡಿಯ ಮಂಟಪದಲ್ಲೋ ಅಯ್ಯನವರು ಕೂರುತ್ತಿದ್ದರು; ಮನೆಮನೆಯಿಂದ ರಾಗಿ, ಬತ್ತ, ಒಂದಿಷ್ಟು ಕಾಸು. ಮೊದಲು ಮರಳ ಮೇಲೆ ಬೆರಳಲ್ಲಿ ತಿದ್ದುವುದು, ಆಮೇಲೆ ಹಲಗೆ, ಆಮೇಲೆ ಕಡತ. ಸಂಜೆಯಾದರೆ ಮಗ್ಗಿ. ದೊಡ್ಡ ಹುಡುಗನೊಬ್ಬ ಎದ್ದು ನಿಂತು ಹೇಳುವುದು, ಉಳಿದವರು ಅನ್ನುವುದು. ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಸೇರಿ. ಒಬ್ಬ ಅಯ್ಯನವರು ಅಷ್ಟು ಮಕ್ಕಳ ಪಾಠವನ್ನು ಒಪ್ಪಿಸಿಕೊಳ್ಳುತ್ತಿದ್ದದ್ದು ಹೀಗೆ: ಮುಂದೆ ಹೋದವನು ಹಿಂದಿದ್ದವನಿಂದ ಒಪ್ಪಿಸಿಕೊಳ್ಳುತ್ತಿದ್ದ, ಅವನನ್ನು ಅಯ್ಯನವರು ನೋಡಿಕೊಳ್ಳುತ್ತಿದ್ದರು. ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆ್ಯಂಡ್ರೂ ಬೆಲ್ ಎಂಬ ಪಾದ್ರಿ ಮರಳ ಮೇಲೆ ತಿದ್ದುವ ನಮ್ಮ ಕಡೆಯ ಮಕ್ಕಳನ್ನು ಕಂಡು ತನ್ನ ಶಾಲೆಗೂ ಆ ಕ್ರಮ ತಂದು, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು 'ಮದರಾಸು ಪದ್ಧತಿ' ಎಂದೇ ಹೆಸರಾಯಿತು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಎಣಿಸಿ ಬರೆದ ವರದಿಯಲ್ಲಿ ಹುಡುಗರೇ ಹುಡುಗರಿಗೆ ಕಲಿಸುವ ಈ ಅಗ್ಗದ ಕ್ರಮವನ್ನು ಮೆಚ್ಚಿದ್ದಾನೆ.

ಅದೇ ಕ್ಯಾಂಪ್‌ಬೆಲ್ ಇನ್ನೊಂದು ಮಾತನ್ನೂ ಬರೆದಿದ್ದಾನೆ, ಅದನ್ನು ಬಿಡುವಂತಿಲ್ಲ. ಮಕ್ಕಳು ಬಾಯಿಪಾಠ ಮಾಡುವ ಹಳಗನ್ನಡದ ಪದ್ಯಗಳ ಅರ್ಥ ಮಕ್ಕಳಿಗೂ ಗೊತ್ತಿಲ್ಲ, ಕಲಿಸುವವರಿಗೂ ಗೊತ್ತಿಲ್ಲ ಎಂಬುದು ಅವನ ದೂರು. ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪವೂ ಇದೇ. ಒಪ್ಪಿಸುವುದೆಂದರೆ ಉರುಹೊಡೆಯುವುದು, ಇಪ್ಪತ್ತೊಂದನೆಯ ಶತಮಾನದ ವಿಶ್ವವಿದ್ಯಾಲಯಕ್ಕೆ ಕೂಲಿಮಠದ ಬಾಯಿಪಾಠವನ್ನು ಆದರ್ಶವಾಗಿ ಇಡುವುದೇ? ಆಕ್ಷೇಪದಲ್ಲಿ ಸತ್ಯವಿದೆ, ಆದರೆ ಅದು ತಾಗುವುದು ಏನನ್ನು ಒಪ್ಪಿಸಿಕೊಳ್ಳುತ್ತೇವೆ ಎಂಬುದಕ್ಕೆ. ಪದ್ಯದ ಬದಲು ಅದರ ತಾತ್ಪರ್ಯವನ್ನು ಕೇಳಬಹುದು, ಸೂತ್ರದ ಬದಲು ಹೊಸ ಲೆಕ್ಕವನ್ನು ಒಡ್ಡಬಹುದು. ಆಗಲೂ ಕ್ರಿಯೆ ಒಪ್ಪಿಸುವುದೇ. ಕಲಿತದ್ದನ್ನು ಮನಸ್ಸಿನಿಂದ ಹೊರತೆಗೆದು ಹೇಳುವ ಕೆಲಸಕ್ಕೆ ತನ್ನದೇ ಆದ ಶಕ್ತಿಯಿದೆ ಎಂಬುದಕ್ಕೆ ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಒಳ್ಳೆಯ ಆಧಾರ. ಒಂದು ಗುಂಪು ಗದ್ಯಭಾಗವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಮೂರು ಸರದಿ ಪುಟ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ಮೇಲೆ ಪರೀಕ್ಷೆ ಮಾಡಿದಾಗ ಓದಿದವರಿಗೆ ಶೇ 83 ನೆನಪಿತ್ತು, ಬರೆದವರಿಗೆ ಶೇ 71. ಒಂದು ವಾರ ಕಳೆದ ಮೇಲೆ ಓದಿದವರಲ್ಲಿ ಉಳಿದದ್ದು ಶೇ 40, ಬರೆದವರಲ್ಲಿ ಶೇ 61. ವಿಡಿಯೊವನ್ನು ನಾಲ್ಕು ಸಲ ನೋಡಿ 'ಅರ್ಥವಾಯಿತು' ಎಂದುಕೊಳ್ಳುವ ವಿದ್ಯಾರ್ಥಿ ಆ ಐದು ನಿಮಿಷದ ಶೇ 83ರ ಸುಖದಲ್ಲಿದ್ದಾನೆ. ವಾರದ ಮೇಲೆ ಏನಾಗುತ್ತದೆಂದು ಅವನಿಗೆ ತಿಳಿಯುವುದು ಪರೀಕ್ಷೆಯ ಕೋಣೆಯಲ್ಲಿ.

ಈಗ ಆಧುನಿಕ ಕಾಲಕ್ಕೆ ಬರೋಣ. 1889ರ ಹೊತ್ತಿಗೆ ಬೆಂಗಳೂರು–ಹರಿಹರದ ರೈಲು ಅರಸೀಕೆರೆಯನ್ನು ಮುಟ್ಟಿತ್ತು. ಮುಂದೆ ಮೈಸೂರಿನಿಂದ ಹಾಸನದ ಮೇಲೆ ಬರುವ ದಾರಿಯೂ ಕೂಡಿ ಅದು ಜಂಕ್ಷನ್ ಆಯಿತು. ಬೇಲೂರು, ಹಳೇಬೀಡಿಗೆ ರೈಲು ಬರಲಿಲ್ಲ. ಗುಡಿ ನೋಡಲು ಬರುವವರು ಬಾಣಾವರದಲ್ಲಿ ಇಳಿದು ಗಾಡಿ ಹಿಡಿಯುತ್ತಿದ್ದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಈ ಊರುಗಳಿಗೆ ಅದು ರೈಲಿನ ಆಚೆ ತುದಿಯಲ್ಲಿತ್ತು. ಆ ದೂರವನ್ನು ದಾಟಲು ವಿಶ್ವವಿದ್ಯಾಲಯ 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳನ್ನು ತೊಡಗಿತು. ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಇತಿಹಾಸ, ಸಾಹಿತ್ಯದ ಬಗ್ಗೆ ಮಾತಾಡುವುದು, ಆ ಮಾತು ಕಿರುಹೊತ್ತಗೆಯಾಗಿ ಕಡಿಮೆ ಬೆಲೆಗೆ ಸಿಗುವುದು. ಅದೇ ದಶಕದಲ್ಲಿ, 1935ರಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಮಾಡಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. ನಮ್ಮ ಭಾಷೆಯ ಮಟ್ಟಿಗೆ ಈ ಎರಡೂ ದೊಡ್ಡ ಕೆಲಸಗಳು. ಆದರೂ ಎರಡೂ ಹೇಳುವ ದಾರಿಗಳು. ಕೇಳಿದವರು ಏನು ಗ್ರಹಿಸಿದರು ಎಂದು ಮೈಸೂರಿಗೆ ತಿಳಿಯುವ ದಾರಿ ಅವುಗಳಲ್ಲಿರಲಿಲ್ಲ.

ಆ ದಾರಿ ತೆರೆದದ್ದು ಅಂಚೆಯಿಂದ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತ್ತು. ಮೈಸೂರಿನಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ 1969ರಲ್ಲಿ ಹುಟ್ಟಿತು. 'ತೆರಪು' ಎಂಬ ಪದ ಇಲ್ಲಿ ಎಷ್ಟು ಸರಿಯಾಗಿ ಕೂತಿದೆ ನೋಡಿ: ಕೆಲಸದ ನಡುವೆ ಸಿಗುವ ಬಿಡುವಿನಲ್ಲಿ ಓದುವವರಿಗೆ ಎಂದು. ಪ್ರಾಥಮಿಕ ಶಾಲೆಯ ಮೇಷ್ಟರುಗಳು, ತಾಲ್ಲೂಕು ಕಚೇರಿಯ ಗುಮಾಸ್ತರು, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳು ಬಿ.ಎ., ಎಂ.ಎ.ಗೆ ಹೆಸರು ಬರೆಸಿದರು. ಪಾಠದ ಕಟ್ಟು ಅಂಚೆಯಲ್ಲಿ ಬರುತ್ತಿತ್ತು, ಬರೆದ ಉತ್ತರ ಅಂಚೆಯಲ್ಲೇ ಹೋಗುತ್ತಿತ್ತು, ರಜೆಯಲ್ಲಿ ಸಂಪರ್ಕ ತರಗತಿ. ಹೀಗೆ ಓದಿದ ಮೇಷ್ಟರು ಮುಂದೆ ಹೈಸ್ಕೂಲಿಗೆ, ಕಾಲೇಜಿಗೆ ಬಡ್ತಿ ಪಡೆದು ಹೋದದ್ದು ರಾಜ್ಯದ ತುಂಬ ಕಾಣುವ ಸಂಗತಿ. ಅಚ್ಚಾದ ಪಾಠಗಳಿಗಿಂತ ಹೆಚ್ಚಾಗಿ, ಆ ಪಾಠಕ್ಕೆ ಉತ್ತರ ಬರೆಯಲೇಬೇಕಿದ್ದ ಗಡುವು ಮತ್ತು ರಜೆಯಲ್ಲಿ ಕೆಲವು ದಿನ ಅಧ್ಯಾಪಕರ ಎದುರು ಕೂರುವ ಅವಕಾಶ ಅವರನ್ನು ದಡ ಮುಟ್ಟಿಸಿತು ಎಂಬುದು ನನ್ನ ತೀರ್ಮಾನ. ಇದಕ್ಕೆ ಬೆಂಬಲ ಅದೇ 1969ರಲ್ಲಿ ಸನ್ನದು ಪಡೆದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ಸಿಗುತ್ತದೆ. 1971ರಲ್ಲಿ ಪಾಠ ಶುರುಮಾಡಿದ ಅದನ್ನು ಜನ ನೆನೆಯುವುದು ಬಿಬಿಸಿಯ ಟಿವಿ ಪಾಠಗಳಿಗಾಗಿ. ಆದರೆ ಅದರ ಬೆನ್ನೆಲುಬು ಬೇರೆ: ಪ್ರತಿ ವಿದ್ಯಾರ್ಥಿಗೂ ಒಬ್ಬ ಬೋಧಕ, ಅವರಿಗೆ ಬರೆದು ಕಳಿಸಿದ ಉತ್ತರಗಳ ಮೇಲೆ ಆ ಬೋಧಕರ ಟಿಪ್ಪಣಿ.

1996ರಲ್ಲಿ ಮೈಸೂರಿನ ಆ ಸಂಸ್ಥೆಯೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಉನ್ನತ ಶಿಕ್ಷಣ ಎಲ್ಲರಿಗೂ, ಎಲ್ಲೆಡೆ ಎಂಬುದು ಅದರ ಘೋಷವಾಕ್ಯ. ಅದರ ಚರಿತ್ರೆಯ ನೋವಿನ ಅಧ್ಯಾಯವನ್ನು ಇಲ್ಲಿ ನೆನೆಯಬೇಕು. 2015ರ ಜೂನ್‌ನಲ್ಲಿ ಯುಜಿಸಿ ಅದರ ಮಾನ್ಯತೆಯನ್ನು 2012–13ರಿಂದಲೇ ಅನ್ವಯವಾಗುವಂತೆ ಹಿಂತೆಗೆದುಕೊಂಡಿತು. ರಾಜ್ಯದ ಗಡಿ ದಾಟಿ, ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ಅಧ್ಯಯನ ಕೇಂದ್ರಗಳನ್ನು ನಡೆಸಿದ್ದು ಮುಖ್ಯ ಆರೋಪ. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಸಿಕ್ಕಿಕೊಂಡವರು ಸಾವಿರಾರು ವಿದ್ಯಾರ್ಥಿಗಳು. ಕೈಯಲ್ಲಿ ಅಂಕಪಟ್ಟಿ ಇದ್ದೂ ಅದಕ್ಕೆ ಬೆಲೆ ಇದೆಯೋ ಇಲ್ಲವೋ ತಿಳಿಯದೆ ಕಾದವರು. ಕಾನೂನಿನ ಜಗಳದ ಆಚೆಗೆ ಈ ಪ್ರಕರಣ ಒಂದು ವಿಷಯವನ್ನು ಬಿಡಿಸಿ ತೋರಿಸುತ್ತದೆ. ಪಾಠದ ಪುಸ್ತಕವನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು. ಒಪ್ಪಿಸಿಕೊಳ್ಳುವ ಹೊಣೆಯನ್ನು ಮಾತ್ರ ಗುತ್ತಿಗೆಗೆ ಕೊಡುವಂತಿಲ್ಲ, ಕೊಟ್ಟರೆ ಪದವಿಯ ಮೇಲಿನ ನಂಬಿಕೆ ಉಳಿಯುವುದಿಲ್ಲ.

ಹಾಸನ ಜಿಲ್ಲೆಗೆ ಈ ಕಥೆಯಲ್ಲಿ ಇನ್ನೊಂದು ಪಾತ್ರವಿದೆ. ಅರಸೀಕೆರೆಗೂ ಬೇಲೂರಿಗೂ ಸುಮಾರು 40 ಕಿಲೋಮೀಟರ್ ದೂರದ ಹಾಸನ ನಗರದಲ್ಲಿ 1982ರಿಂದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಕೆಲಸ ಮಾಡುತ್ತಿದೆ. ಇನ್ಸಾಟ್ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದು ನಿಲ್ಲಿಸುವುದು ಅಲ್ಲಿಂದ. ಅದಕ್ಕೂ ಮೊದಲೇ, 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಬಳಸಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ತಲುಪಿಸುವ 'ಸೈಟ್' ಪ್ರಯೋಗ ನಡೆದಿತ್ತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳೂ ಅದರಲ್ಲಿದ್ದವು. ಮುಂದೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಪಾಠ, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ. ಎಜುಸ್ಯಾಟ್ ಜಾಲದಲ್ಲಿ ಎರಡು ಬಗೆಯ ಆಂಟೆನಾ ತಟ್ಟೆಗಳಿದ್ದವು: ಬರೀ ನೋಡುವ ತಟ್ಟೆ, ನೋಡಿ ಮರುಮಾತಾಡುವ ತಟ್ಟೆ. ಎರಡನೆಯದಕ್ಕೆ ಖರ್ಚು ಹೆಚ್ಚು. ಆದ್ದರಿಂದ ಹಳ್ಳಿಯ ಶಾಲೆಗೆ ದಕ್ಕಿದ್ದು ಮೊದಲನೆಯದು. 2010ರಲ್ಲಿ ಉಪಗ್ರಹದ ಆಯಸ್ಸು ಮುಗಿಯಿತು. ತಕ್ಕಷ್ಟು ಪಾಠಗಳ ತಯಾರಿಯಿಲ್ಲದೆ, ನೆಲದ ಮೇಲಿನ ಕೇಂದ್ರಗಳ ಉಸ್ತುವಾರಿಯಿಲ್ಲದೆ ಜಾಲ ಸೊರಗಿದ್ದನ್ನು ಮಹಾಲೇಖಪಾಲರ ವರದಿ ಆಮೇಲೆ ಎತ್ತಿ ಹೇಳಿತು. ಆಕಾಶದಲ್ಲಿ ಉಪಗ್ರಹ ಕದಲದೆ ನಿಂತಿತ್ತು, ಹಾಸನದ ಎಂಜಿನಿಯರುಗಳು ತಮ್ಮ ಕೆಲಸವನ್ನು ಲೋಪವಿಲ್ಲದೆ ಮಾಡಿದ್ದರು. ಕೊರತೆ ಬಿದ್ದದ್ದು ಶಾಲೆಯ ಕೋಣೆಯಲ್ಲಿ.

ನೆಟ್‌ವರ್ಕ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಈ ಚರಿತ್ರೆಯೇ ಉತ್ತರ. ನೆಟ್‌ವರ್ಕ್ ಇಲ್ಲದೆ ಏನೂ ಆಗದು ಎಂಬುದು ದಿಟ. 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ರಾಜ್ಯವೇ ನೋಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸರ್ಕಾರ 'ವಿದ್ಯಾಗಮ' ಆರಂಭಿಸಿದಾಗ ಸರ್ಕಾರಿ ಶಾಲೆಯ ಶಿಕ್ಷಕರು ಅರಳಿಕಟ್ಟೆಗೆ, ಗುಡಿಯ ಜಗಲಿಗೆ ಹೋಗಿ ಕೂತರು. ಫೋನ್ ಇದ್ದ ಮಗುವಿಗೂ ಇಲ್ಲದ ಮಗುವಿಗೂ ಅಲ್ಲಿ ಪಾಠ ಸಿಕ್ಕಿತು, ಹಿಂದಿನ ವಾರದ್ದನ್ನು ಕೇಳುವವರು ಸಿಕ್ಕರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಅಷ್ಟು ಕಡಿಮೆ ಕಾಲದಲ್ಲಿ ಕೂಲಿಮಠದ ಜಾಗಕ್ಕೇ ಶಿಕ್ಷಕರು ಹೋಗಿ ಕೂತದ್ದು ಗಮನಿಸಬೇಕಾದ ಸಂಗತಿ.

ಇಂದು ಮೈಸೂರು ವಿಶ್ವವಿದ್ಯಾಲಯವೂ ಮುಕ್ತ ವಿಶ್ವವಿದ್ಯಾಲಯವೂ ಆನ್‌ಲೈನ್ ಪದವಿಗಳನ್ನು ಕೊಡುತ್ತಿವೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ 'ಸ್ವಯಂ' 2017ರಿಂದ ಇದೆ. 2021ರ ನಿಯಮದಂತೆ ಕಾಲೇಜಿನ ವಿದ್ಯಾರ್ಥಿ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಅದರಿಂದ ಪಡೆಯಬಹುದು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗನಿಗೂ ಬೇಲೂರಿನ ಕಾಫಿ ತೋಟದ ಕೂಲಿಯವರ ಮಗಳಿಗೂ ಐಐಟಿಯ ಪ್ರಾಧ್ಯಾಪಕರ ಪಾಠ ಕೈಯಳತೆಯಲ್ಲಿದೆ. ಪಾಠ ಹೇಳುವವರ ಕೊರತೆ ತೀರಿತು. ಹಾಗಾದರೆ ಫಲವೇನು? ಹಾರ್ವರ್ಡ್ ಮತ್ತು ಎಂಐಟಿ ನಡೆಸಿದ ಎಡ್‌ಎಕ್ಸ್ ಕೋರ್ಸುಗಳ ಲೆಕ್ಕವನ್ನು ರೈಕ್ ಮತ್ತು ರೂಯಿಪೆರೆಸ್-ವಾಲಿಯೆಂತೆ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. 2017–18ರಲ್ಲಿ ಹೆಸರು ಬರೆಸಿದವರಲ್ಲಿ ಕೋರ್ಸು ಮುಗಿಸಿದವರು ಶೇ 3.13. ಅರ್ಧಕ್ಕಿಂತ ಹೆಚ್ಚು ಜನ ಹೆಸರು ಬರೆಸಿದ ಮೇಲೆ ಒಳಗೆ ಇಣುಕಿಯೂ ನೋಡಿರಲಿಲ್ಲ.

ಪುಕ್ಕಟೆ ಸಿಕ್ಕಿದ್ದರಿಂದ ಹೆಸರು ಬರೆಸಿದವರನ್ನು ಲೆಕ್ಕಕ್ಕೆ ಹಿಡಿಯುವುದು ಅನ್ಯಾಯ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದೇ ಅಧ್ಯಯನದಲ್ಲಿ ಹಣ ಕಟ್ಟಿ ಪ್ರಮಾಣಪತ್ರಕ್ಕೆ ನೋಂದಾಯಿಸಿದವರಲ್ಲಿ ಮುಗಿಸಿದವರು ಶೇ 46. ಆದರೆ ಗಟ್ಟಿ ಮನಸ್ಸು ಮಾಡಿ ಹಣ ಕಟ್ಟಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ನಡುದಾರಿಯಲ್ಲಿ ನಿಂತರು ಎಂಬುದನ್ನೂ ಆ ಅಂಕಿಯೇ ಹೇಳುತ್ತದೆ. ಅವರಲ್ಲಿ ಶ್ರದ್ಧೆ ಕಡಿಮೆ ಎಂದು ತಳ್ಳಿಹಾಕುವುದು ಸುಲಭ. ದೊಡ್ಡವರು ತಾವೇ ಓದಿಕೊಳ್ಳಬೇಕು, ಕೈಹಿಡಿದು ನಡೆಸುವುದು ಮಕ್ಕಳಿಗೆ ಎಂಬ ಮಾತೂ ಇದರ ಬೆನ್ನಿಗೇ ಬರುತ್ತದೆ. ಒಂಟಿಯಾಗಿ ಓದಿ ಮುಗಿಸುವ ಅಭ್ಯಾಸ ಇರುವವರು ಯಾರು? ಬಹುಪಾಲು ಈಗಾಗಲೇ ಒಳ್ಳೆಯ ಕಾಲೇಜುಗಳಲ್ಲಿ ಓದಿ ಆ ಅಭ್ಯಾಸ ಪಡೆದವರು. ಮನೆಯಲ್ಲಿ ಮೊದಲ ಸಲ ಪದವಿಗೆ ಹೆಸರು ಬರೆಸಿದವಳಿಂದ ಆ ಅಭ್ಯಾಸವನ್ನು ಮೊದಲೇ ಬೇಡುವುದೆಂದರೆ ಅಗ್ರಹಾರದ ಬಾಗಿಲನ್ನು ಬೇರೆ ಹೆಸರಿನಲ್ಲಿ ಮತ್ತೆ ಹಾಕಿದಂತೆ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಪ್ರತಿ ವಿಡಿಯೊದ ಕೊನೆಗೂ ಪ್ರಶ್ನೆಗಳಿರುತ್ತವೆ, ಯಂತ್ರವೇ ತಿದ್ದಿ ಅಂಕ ಕೊಡುತ್ತದೆ. ಒಪ್ಪಿಸಿಕೊಳ್ಳುವ ಕೆಲಸ ಆಯಿತಲ್ಲ? ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ಪ್ರಕಟಿಸಿದ, ಹಲವು ಅಧ್ಯಯನಗಳನ್ನು ಒಟ್ಟುಮಾಡಿ ತೂಗಿದ ವರದಿ ಇಲ್ಲಿ ನೆರವಾಗುತ್ತದೆ. ಆನ್‌ಲೈನ್ ಪಾಠಕ್ಕೆ ವಿಡಿಯೊ ಸೇರಿಸಿದ್ದರಿಂದಾಗಲಿ, ಕ್ವಿಜ್ ಸೇರಿಸಿದ್ದರಿಂದಾಗಲಿ ಕಲಿಕೆ ಹೆಚ್ಚಿದ್ದು ಅದಕ್ಕೆ ಕಾಣಲಿಲ್ಲ. ಹೆಚ್ಚಿದ್ದು ವಿದ್ಯಾರ್ಥಿ ತನ್ನ ತಿಳಿವಳಿಕೆಯನ್ನು ತಾನೇ ಹಿಂದಿರುಗಿ ನೋಡುವಂತೆ ಮಾಡಿದ ಕಡೆ. ಆನ್‌ಲೈನ್ ಮತ್ತು ಎದುರುಬದುರು ಪಾಠಗಳನ್ನು ಕೂಡಿಸಿದ ಕಡೆಯೂ ಫಲ ಚೆನ್ನಾಗಿತ್ತು, ಅಲ್ಲಿ ಕಲಿಕೆಗೆ ಹೆಚ್ಚಿನ ಹೊತ್ತು ಸಿಕ್ಕಿದ್ದೂ ಅದಕ್ಕೆ ಒಂದು ಕಾರಣ ಎಂದು ವರದಿಯೇ ಎಚ್ಚರಿಸುತ್ತದೆ. ಪ್ರಶ್ನೆ ಕೇಳಿದ ಮಾತ್ರಕ್ಕೆ ಒಪ್ಪಿಸಿಕೊಂಡಂತಾಗುವುದಿಲ್ಲ ಎಂಬ ಈ ಫಲಿತಾಂಶವನ್ನು ನನ್ನ ವಾದಕ್ಕೆ ವಿರೋಧವೆಂದು ನಾನು ತಿಳಿಯುವುದಿಲ್ಲ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವಾಗ ಉತ್ತರ ಕಣ್ಣ ಮುಂದೆಯೇ ಇರುತ್ತದೆ. ನೆನಪಿನಿಂದ ತೆಗೆದು, ತನ್ನ ಮಾತಿನಲ್ಲಿ ಜೋಡಿಸಿ, ಕೇಳುವವರ ಮುಂದೆ ಇಡುವಾಗ ನಡೆಯುವ ಕೆಲಸ ಬೇರೆ. ಕೇಳುವವರು 'ಹಾಗೆಂದರೇನು?' ಎಂದು ಮಧ್ಯೆ ತಡೆದಾಗ ತನಗೆ ಎಲ್ಲಿ ಗೊತ್ತಿಲ್ಲ ಎಂಬುದು ಹೇಳುವವಳಿಗೇ ಹೊಳೆಯುತ್ತದೆ. ಹಳ್ಳಿಗಳಲ್ಲಿ ಗಮಕಿ ಭಾರತ ಓದುವಾಗ ಪಕ್ಕದಲ್ಲಿ ವ್ಯಾಖ್ಯಾನಕಾರ ಕೂರುತ್ತಿದ್ದದ್ದು ಇದಕ್ಕೇ: ಓದು ಒಂದು ಕಡೆ, ತಡೆದು ಕೇಳುವುದು ಇನ್ನೊಂದು ಕಡೆ. ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್ ಕೂಡ ತನ್ನ ವಿಡಿಯೊ ಪಾಠಗಳಿಗೆ ಕಾಲೇಜುಗಳಲ್ಲಿ 'ಲೋಕಲ್ ಚಾಪ್ಟರ್' ತೆರೆದು, ಅಲ್ಲಿನ ಅಧ್ಯಾಪಕರನ್ನೇ ಮಾರ್ಗದರ್ಶಕರನ್ನಾಗಿ ಗೊತ್ತುಮಾಡಿಕೊಂಡಿದೆ. ದೇಶದ ಅತ್ಯುತ್ತಮ ಪಾಠಗಳನ್ನು ಕೈಯಲ್ಲಿಟ್ಟುಕೊಂಡವರಿಗೂ ಊರಿನಲ್ಲೊಬ್ಬ ಮನುಷ್ಯ ಬೇಕಾಯಿತು.

ಇಷ್ಟು ವಿದ್ಯಾರ್ಥಿಗಳಿಗೆ ಅಷ್ಟು ಜನರನ್ನು ಎಲ್ಲಿಂದ ತರುವುದು ಎಂಬುದು ಕೊನೆಗೆ ಉಳಿಯುವ ಪ್ರಶ್ನೆ, ಅದು ಹಣದ ಪ್ರಶ್ನೆಯೂ ಹೌದು. ಕೂಲಿಮಠ ಅದನ್ನು ದೊಡ್ಡ ಹುಡುಗರಿಂದ ಬಿಡಿಸಿಕೊಂಡಿತ್ತು. ಅರಸೀಕೆರೆ, ಬೇಲೂರು, ಹಳೇಬೀಡು ಈ ಮೂರೂ ಊರುಗಳಲ್ಲಿ ಇಂದು ಅಂಚೆ ಶಿಕ್ಷಣದಲ್ಲೇ ಎಂ.ಎ. ಮಾಡಿ ನಿವೃತ್ತರಾದ ಮೇಷ್ಟರಿದ್ದಾರೆ, ಸ್ನಾತಕೋತ್ತರ ಪದವಿ ಪಡೆದು ಮನೆಯಲ್ಲಿರುವ ಹೆಣ್ಣುಮಕ್ಕಳಿದ್ದಾರೆ, ಅತಿಥಿ ಉಪನ್ಯಾಸಕರಾಗಿ ದುಡಿಯುವ ಯುವಕರಿದ್ದಾರೆ. ವಿಡಿಯೊ ತಯಾರಿಗೆ, ಟ್ಯಾಬ್ಲೆಟ್ ಹಂಚಲು ತೆಗೆದಿಡುವ ಹಣದಲ್ಲಿ ಒಂದು ಪಾಲು ಇವರ ಗೌರವಧನಕ್ಕೆ ಹೋಗಲಿ. ಅರಸೀಕೆರೆಯ ಯಾವುದಾದರೂ ಕಾಲೇಜಿನ ಒಂದು ಕೋಣೆ, ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಮೂವತ್ತು ವಿದ್ಯಾರ್ಥಿಗಳು, ಒಬ್ಬ ಬೋಧಕಿ. ವಾರದ ಪಾಠವನ್ನು ಅವರು ಫೋನಿನಲ್ಲಿ ನೋಡಿಕೊಂಡು ಬಂದಿರುತ್ತಾರೆ. ಇಲ್ಲಿ ಹೊಸ ಪಾಠ ಇಲ್ಲ. ತಲೆಗೆ ಆರು ನಿಮಿಷ ಬರುತ್ತದೆ. ಒಂದು ಅಧ್ಯಾಯದ ಸಾರವನ್ನು ತನ್ನ ಮಾತಿನಲ್ಲಿ ಹೇಳಲು ನಾಲ್ಕು ನಿಮಿಷ, ಬೋಧಕಿಯ ಒಂದು ಪ್ರಶ್ನೆಗೆ ಉತ್ತರಿಸಲು ಎರಡು. ಒಬ್ಬಳು ಹೇಳುವಾಗ ಉಳಿದ ಇಪ್ಪತ್ತೊಂಬತ್ತು ಮಂದಿ ಕೇಳುತ್ತಾರೆ, ತಮ್ಮ ಸರದಿಗೆ ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಾರೆ. ಹನ್ನೆರಡಕ್ಕೆ ಮುಗಿದರೆ ಹಳೇಬೀಡಿನವರು ಮಧ್ಯಾಹ್ನದ ಬಸ್ಸಿನಲ್ಲಿ ಊರಿಗೆ ಮರಳಬಹುದು.